ಅಳೆದು ಅಡುವವನು

(ಶ್ರಾವಣ ಸೋಮವಾರದ ಶಿವಾನುಭವ ಗೋಷ್ಠಿಯಲ್ಲಿ ಪರಮಪೂಜ್ಯರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಈ ಹೊತ್ತಿನ ಗೋಷ್ಠಿಗೆಂದು ನಾವು ಬೇರೊಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು. ಆದರೆ ಕಳೆದ ವಾರ ಸಮೀಪದ ಹಳ್ಳಿಯೊಂದಕ್ಕೆ ಪಾದಪೂಜೆಗೆ ಹೋದಾಗ ಕಿವಿಗೆ ಬಿದ್ದ ಒಂದು ಮಾತು ನಮ್ಮನ್ನು ಬಿಡಲೊಲ್ಲದು. ಅಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುತ್ತಿದ್ದರು. ಒಬ್ಬರು ಸಾವಿರ ಎಂದರು, ಇನ್ನೊಬ್ಬರು ಐದು ಸಾವಿರ ಎಂದರು. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ಹತ್ತು ರೂಪಾಯಿಯ ನೋಟೊಂದನ್ನು ತಟ್ಟೆಯಲ್ಲಿ ಇಟ್ಟು, ಮತ್ತೆ ಗಂಟು ಬಿಗಿದುಕೊಂಡಳು. ಹಿಂದಿನಿಂದ ಒಬ್ಬ ಹುಡುಗ, "ಜೀನ ಮುದುಕಿ, ಗಂಟಿನಾಗ ಇನ್ನೂ ಐತಿ" ಎಂದ. ನಾಲ್ಕು ಜನ ನಕ್ಕರು. ಮುದುಕಿಯೂ ನಕ್ಕಳು. ಬೇರೆ ಏನು ತಾನೇ ಮಾಡಿಯಾಳು?

ಆ ಗಂಟಿನಲ್ಲಿ ಏನಿತ್ತೋ ನಾವು ಕೇಳಲಿಲ್ಲ. ಕೇಳುವ ಅಧಿಕಾರ ನಮಗೂ ಇರಲಿಲ್ಲ, ಆ ಹುಡುಗನಿಗೂ ಇರಲಿಲ್ಲ. ಆದರೆ ಆ 'ಜೀನ' ಎಂಬ ಮಾತನ್ನು ನಾವು ಮಠಕ್ಕೆ ತಂದೆವು. ಈ ಹೊತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಹಣ ಬಿಚ್ಚದವನಿಗೆ ನಮ್ಮ ನಾಡಿನಲ್ಲಿ ಎಷ್ಟು ಹೆಸರು ನೋಡಿ. ಈ ಕಡೆ ಜೀನ ಎನ್ನುತ್ತೇವೆ. ಮೈಸೂರು ಸೀಮೆಯವರು ಜುಗ್ಗ ಎನ್ನುತ್ತಾರೆ, ಪಿಟ್ಟಾಸಿ ಎನ್ನುತ್ತಾರೆ. ಪೇಟೆಯಲ್ಲಿ ಕಂಜೂಸ್ ಎಂಬ ಹಿಂದಿಯ ಮಾತು ನಡೆಯುತ್ತದೆ. ಪುಸ್ತಕದಲ್ಲಿ ಜಿಪುಣ ಎಂದು ಬರೆಯುತ್ತಾರೆ. ಇವೆಲ್ಲ ಸಾಲದೆಂದು ಎಂಜಲುಗೈಯಲ್ಲಿ ಕಾಗೆ ಓಡಿಸದವನು ಎಂಬ ಮಾತೂ ಇದೆ. ಉಣ್ಣುವಾಗ ಕಾಗೆ ಬಂದರೆ ಕೈ ಬೀಸಬೇಕು. ಬೀಸಿದರೆ ಕೈಗೆ ಅಂಟಿದ ಅಗುಳು ಸಿಡಿದು ಕಾಗೆಯ ಪಾಲಾದೀತು ಎಂದು ಅಂಜಿ ಸುಮ್ಮನೆ ಕೂಡುವವನು ಅವನು! ಹೀಗೆ ಅಣಕಿಸುವ ಮಾತುಗಳಿಗೆ ನಮ್ಮಲ್ಲಿ ಬಡತನವಿಲ್ಲ.

ಆದರೆ ಇನ್ನೊಂದು ಮಾತನ್ನು ಗಮನಿಸಿರಿ. 'ಅವನ ಕೈ ಬಿಗಿ' ಎಂದರೆ ಜಿಪುಣನೆಂದು ಅರ್ಥ. 'ಈ ವರ್ಷ ಕೈ ಬಿಗಿಯಾಗಿದೆ' ಎಂದರೆ ರೊಕ್ಕಕ್ಕೆ ತೊಂದರೆ ಎಂದು ಅರ್ಥ. 'ಸ್ವಲ್ಪ ಕೈ ಬಿಗಿ ಹಿಡಿದು ಸಂಸಾರ ಮಾಡು' ಎಂದು ತಾಯಿ ಮಗಳಿಗೆ ಹೇಳಿದರೆ ಅದು ಬುದ್ಧಿಮಾತು. ಒಂದೇ ಕೈ, ಒಂದೇ ಬಿಗಿ, ಅರ್ಥ ಮಾತ್ರ ಮೂರು. ಲೋಭ, ಬಡತನ, ಎಚ್ಚರಿಕೆ ಈ ಮೂರೂ ಹೊರಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುತ್ತವೆ. ಮುಚ್ಚಿದ ಮುಷ್ಟಿಯನ್ನು ಕಂಡು ಒಳಗೇನಿದೆ ಎಂದು ಹೇಳುವುದು ಹೇಗೆ? ಆ ಹುಡುಗ ಎಡವಿದ್ದು ಇಲ್ಲಿ. ನಾವೂ ಒಮ್ಮೆ ಇಲ್ಲಿಯೇ ಎಡವಿದ್ದೇವೆ. ಅದನ್ನು ಹೇಳಬೇಕಾದರೆ ಮೊದಲು ಸ್ವಲ್ಪ ಸಂಸ್ಕೃತದ ಕಡೆಗೆ ಹೋಗಬೇಕು.

ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದ ವಿಶೇಷ್ಯನಿಘ್ನ ವರ್ಗದಲ್ಲಿ ಜಿಪುಣನಿಗೆ ಐದು ಹೆಸರುಗಳನ್ನು ಕೊಟ್ಟಿದ್ದಾನೆ. ಕೃಪಣ ಒಂದು, ಕದರ್ಯ ಇನ್ನೊಂದು, ಕ್ಷುದ್ರ ಮತ್ತೊಂದು. ಇವಲ್ಲದೆ ಮಿತಂಪಚ ಮತ್ತು ಕಿಂಪಚಾನ. ನಾವು ಬಾಲ್ಯದಲ್ಲಿ ಇವನ್ನು ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿದವರು. ಅರ್ಥ ತಿಳಿದ ಮೇಲೆ ಒಂದು ಸಂಗತಿ ಸೋಜಿಗವೆನಿಸಿತು. ಈ ಐದರಲ್ಲಿ ಎರಡು ಹೆಸರುಗಳು ಹುಟ್ಟಿದ್ದು ತಿಜೋರಿಯ ಹತ್ತಿರ ಅಲ್ಲ, ಒಲೆಯ ಹತ್ತಿರ. ಪಚ್ ಎಂದರೆ ಅಡು, ಬೇಯಿಸು. ಮಿತಂಪಚ ಎಂದರೆ ಅಳೆದು ಅಡುವವನು. ಕಿಂಪಚಾನ ಎಂದರೆ 'ಇವನೇನು ಅಟ್ಟಾನು' ಎಂದು ಜನ ಕೇಳುವಂಥವನು. ಕ್ಷುದ್ರ ಶಬ್ದದ ಮೂಲವಾದ ಕ್ಷುದ್ ಧಾತುವಿಗೂ ಕುಟ್ಟು, ಅರೆ ಎಂದೇ ಅರ್ಥ. ಮನಸ್ಸು ಕುಟ್ಟಿ ನುಚ್ಚಾದವನು ಅವನು. ಎಂದರೆ ಒಬ್ಬನ ಲೋಭ ಗೊತ್ತಾಗುವುದು ಅವನ ಹಣದ ಚೀಲದಿಂದಲ್ಲ, ಅವನ ಮನೆಯ ಪಂಕ್ತಿಯಲ್ಲಿ ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ನಮ್ಮ ಕನ್ನಡದ ಕಾಗೆಯ ಮಾತೂ ಊಟದ ಎಡೆಯಿಂದಲೇ ಎದ್ದುದಲ್ಲವೆ?

ಇನ್ನು ನಮ್ಮ ಕಥೆ. ಸುಮಾರು 40 ವರ್ಷಗಳ ಹಿಂದಿನ ಮಾತು. ನಾವು ಆಗ ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದೆವು. ಉಗ್ರಾಣವನ್ನು ನೋಡಿಕೊಳ್ಳಲು ಒಬ್ಬ ಅಯ್ಯನವರಿದ್ದರು. ದಿನಾಲೂ ಬೆಳಗ್ಗೆ ಅವರು ಜೋಳದ ನುಚ್ಚನ್ನು ಸೇರಿನಿಂದ ಅಳೆದು ಅಡಿಗೆಯವರಿಗೆ ಕೊಡುತ್ತಿದ್ದರು. ಸೇರು ತುಂಬಿ ಮೇಲೆ ಗೋಪುರವಾದರೆ ಅಂಗೈಯನ್ನು ಅಡ್ಡ ಎಳೆದು ಸಮ ಮಾಡುತ್ತಿದ್ದರು. ಆ ಗೋಪುರದ ನುಚ್ಚು ನಮ್ಮ ಹೊಟ್ಟೆಗೆ ಬರುವುದು ತಪ್ಪಿತಲ್ಲಾ ಎಂದು ನಮಗೆಲ್ಲ ಸಂಕಟ. ಬೆಳೆಯುವ ಹುಡುಗರ ಹಸಿವೆ ನಿಮಗೆ ಗೊತ್ತೇ ಇದೆ.

ಒಂದು ದಿನ ಪಾಠದಲ್ಲಿ 'ಮಿತಂಪಚ' ಎಂಬ ರೂಪ ಸಿದ್ಧವಾಗುವ ಬಗೆಯನ್ನು ಗುರುಗಳು ಹೇಳಿಕೊಟ್ಟರು. ಮಿತ ಶಬ್ದ ಹಿಂದೆ ಇದ್ದು ಪಚ್ ಧಾತು ಬಂದಾಗ ಯಾವ ಪ್ರತ್ಯಯ ಬರುತ್ತದೆ, ನಡುವೆ ಅನುಸ್ವಾರ ಹೇಗೆ ಸೇರುತ್ತದೆ ಎಂಬುದೆಲ್ಲ ಆಯಿತು. ಪಾಠ ಮುಗಿದು ಹೊರಗೆ ಬಂದೊಡನೆ ನಾವು ಆ ಹೆಸರನ್ನು ಅಯ್ಯನವರಿಗೆ ಇಟ್ಟೆವು. ಹೊಸದಾಗಿ ಕಲಿತ ವಿದ್ಯೆಯನ್ನು ಬಡವರ ಮೇಲೆ ಪ್ರಯೋಗಿಸುವುದು ಹುಡುಗರ ಚಾಳಿ. ಅವರು ಉಗ್ರಾಣದ ಬಾಗಿಲು ತೆಗೆದೊಡನೆ 'ಮಿತಂಪಚಾಯ ನಮಃ' ಎಂದು ನಾವು ಕೈಮುಗಿಯುತ್ತಿದ್ದೆವು. ಅಯ್ಯನವರಿಗೆ ಸಂಸ್ಕೃತ ಬಾರದು. ಒಂದು ದಿನ ನಮ್ಮನ್ನೇ ಹಿಡಿದು, "ಏನಪಾ ಹಂಗಂದ್ರ?" ಎಂದು ಕೇಳಿದರು. ನಾವು ತುಂಟತನದಿಂದಲೇ "ಅಳೆದು ಅಡುವವರು ಅಂತ ಅರ್ಥರೀ" ಎಂದೆವು. ಅವರ ಮುಖ ಅರಳಿತು. "ಹೌದಪಾ, ಅದು ಖರೇ ಮಾತು" ಎಂದು ನಮ್ಮ ಬೆನ್ನು ತಟ್ಟಿದರು. ಅವರು ಅದನ್ನು ಬಿರುದೆಂದೇ ತಿಳಿದರು. ನಾವು ಹಿಂದೆ ಸರಿದು ನಕ್ಕೆವು.

ಆ ವರ್ಷ ಮಳೆ ಕೈಕೊಟ್ಟಿತು. ಊರೂರುಗಳಿಂದ ಜನ ಗುಳೆ ಹೊರಟರು. ಒಂದು ರಾತ್ರಿ, ಪಂಕ್ತಿ ಮುಗಿದು ಒಲೆ ಆರಿಸಿ ಎಲ್ಲರೂ ಮಲಗಿದ ಮೇಲೆ, ಮಠದ ಬಾಗಿಲಿಗೆ ಒಂದು ಸಂಸಾರ ಬಂದು ನಿಂತಿತು. ಗಂಡ, ಹೆಂಡತಿ, ಒಬ್ಬ ಮುದುಕ, ಮೂರು ಮಕ್ಕಳು. ಮುಂಜಾನೆಯಿಂದ ಊಟವಿಲ್ಲವೆಂದರು. ಅಡಿಗೆಯ ಪಾತ್ರೆಗಳನ್ನು ಬೋರಲು ಹಾಕಿ ಆಗಿತ್ತು. 'ಈ ಮಿತಂಪಚ ಏನು ಕೊಟ್ಟಾನು' ಎಂದು ನಾವು ಕಂಬಳಿಯೊಳಗಿನಿಂದಲೇ ನೋಡುತ್ತಿದ್ದೆವು. ಅಯ್ಯನವರು ಕಂದೀಲು ಹಿಡಿದು ಉಗ್ರಾಣದ ಮೂಲೆಗೆ ಹೋಗಿ ಒಂದು ದೊಡ್ಡ ಗಡಿಗೆಯನ್ನು ಎಳೆದು ತಂದರು. ಅದರ ತುಂಬ ಜೋಳದ ನುಚ್ಚಿತ್ತು. ದಿನಾಲೂ ಸೇರಿನ ಮೇಲಿನಿಂದ ಅಂಗೈಯಲ್ಲಿ ಎಳೆದ ಗೋಪುರಗಳೆಲ್ಲ ಅಲ್ಲಿ ಕೂಡಿದ್ದವು! ತಾವೇ ಒಲೆ ಹೊತ್ತಿಸಿ, ನುಚ್ಚು ಬೇಯಿಸಿ, ಆ ಆರು ಜನರಿಗೆ ಬಡಿಸಿದರು. ಅಲ್ಲಿ ಅವರು ಅಳೆಯಲಿಲ್ಲ. ಸಾಕು ಎಂದು ಅವರು ಕೈ ಅಡ್ಡ ಮಾಡುವ ತನಕ ಹಾಕಿದರು. ಮುದುಕನಿಗಂತೂ ಕೈ ಅಡ್ಡ ಬಂದ ಮೇಲೂ ಒಂದು ಸೌಟು ಹಾಕಿದರು. ತಾವು ಮಾತ್ರ ಎಂದಿನಂತೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಾವು ಕಲಿತ ರೂಪಸಿದ್ಧಿಯಲ್ಲಿ ತಪ್ಪಿರಲಿಲ್ಲ. ಆದರೆ ಆ ಶಬ್ದ ತಪ್ಪಿದ ಮನೆಗೆ ಹೋಗಿತ್ತು.

ನೋಡಿ ಬಂಧುಗಳೇ, 'ಮಿತ' ಎಂಬುದು ಬೈಗುಳವಲ್ಲ. ಮಿತವಾಗಿ ಉಣ್ಣುವವನನ್ನು ಮಿತಾಹಾರಿ ಎಂದು ಹೊಗಳುತ್ತೇವೆ. ಮಿತವಾಗಿ ಮಾತನಾಡುವವನನ್ನು ಮಿತಭಾಷಿ ಎನ್ನುತ್ತೇವೆ. ಮಿತವಾಗಿ ಖರ್ಚು ಮಾಡುವವನನ್ನು ಮಿತವ್ಯಯಿ ಎನ್ನುತ್ತೇವೆ. ಹಾಗಾದರೆ ಮಿತಂಪಚ ಮಾತ್ರ ಏಕೆ ನಿಂದೆಯಾಯಿತು? ಮಿತಾಹಾರಿಯ ಅಳತೆ ತನ್ನ ಬಾಯಿಗೆ. ಮಿತಂಪಚನ ಅಳತೆ ಇನ್ನೊಬ್ಬರ ಎಲೆಗೆ. ಅಳತೆ ತನ್ನ ಮೇಲಾದರೆ ತಪಸ್ಸು, ಹಸಿದವನ ಮೇಲಾದರೆ ಲೋಭ. ಇದೊಂದೇ ಭೇದ. ಇದನ್ನು ತಿಳಿಯದೆ ಅಳೆಯುವ ಕೈಯನ್ನೆಲ್ಲ ಜೀನ ಎಂದು ಕರೆದರೆ ಪಾಪ ತಟ್ಟುತ್ತದೆ.

ಅಳತೆಯಿಲ್ಲದೆ ದಾಸೋಹವೂ ನಡೆಯದು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳವರು ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ದಿನನಿತ್ಯ ಅನ್ನವಿಕ್ಕಿದರು. ಹತ್ತು ಜನರ ಅಡಿಗೆಯನ್ನು ಕಣ್ಣಂದಾಜಿನಲ್ಲಿ ಮಾಡಬಹುದು. ಸಾವಿರಾರು ಜನರ ಅಡಿಗೆಯನ್ನು, ಅದೂ ನಾಳೆ, ನಾಡಿದ್ದು, ಬರುವ ವರ್ಷ ಎಂದು ನಿಲ್ಲದೆ ಮಾಡಬೇಕಾದರೆ ಹಿಡಿಕಾಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯುವುದು ಅವರ ಕಾಯಕ. ಇಂದಿನ ಯಾರಾದರೂ ಆ ಅಂಗಳದಲ್ಲಿ ಹಾಯ್ದುಹೋಗಿದ್ದರೆ ಏನೆನ್ನುತ್ತಿದ್ದರು? 'ನೆಲಕ್ಕೆ ಬಿದ್ದ ಅಕ್ಕಿಯನ್ನೂ ಬಿಡಲಿಲ್ಲ, ಎಂಥ ಜೀನ' ಎನ್ನುತ್ತಿದ್ದರು. ಆದರೆ ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಇದು ನಮ್ಮ ಕಾಯಕದ ಪಾಲಲ್ಲ, ಆಸೆಯ ಪಾಲು, ಇದ್ದಲ್ಲಿಗೇ ಸುರಿದು ಬನ್ನಿರಿ ಎಂದು ಹಿಂದಕ್ಕೆ ಕಳಿಸಿದರು. ಆ ಆಯ್ದ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಸಿದ ದಂಪತಿಗಳು ಅವರು. ಒಂದು ಕಾಳನ್ನೂ ಕೆಡಿಸಲಿಲ್ಲ, ಒಂದು ಕಾಳನ್ನೂ ಕೂಡಿಡಲಿಲ್ಲ. ಕಾಳನ್ನು ಕೆಡಿಸದವನು ಜಿಪುಣನಲ್ಲ. ಕೆಡಿಸದೆ ಉಳಿಸಿದ ಕಾಳು ಯಾರ ಬಾಯಿಗೆ ಹೋಯಿತು ಎಂಬುದನ್ನು ನೋಡಬೇಕು.

ಹಾಗಾದರೆ ನಿಜವಾದ ಜಿಪುಣ ಯಾರು? ಅಮರನ ಐದು ಹೆಸರುಗಳಲ್ಲಿ 'ಕದರ್ಯ' ಎಂಬುದು ಅತ್ಯಂತ ಕಠಿಣವಾದುದು. ಈ ಕದರ್ಯನು ಲೋಭಕ್ಕೆ ಸಿಕ್ಕಿ ಮೊದಲು ತನ್ನನ್ನೇ ಪೀಡಿಸುತ್ತಾನೆ. ಆಮೇಲೆ ಮಡದಿ ಮಕ್ಕಳು, ಹೆತ್ತವರು, ಆಳುಕಾಳುಗಳ ಸರದಿ. ಮಾಡಬೇಕಾದ ಧರ್ಮಕಾರ್ಯವನ್ನೂ ಅವನು ಬಿಡುವುದಿಲ್ಲ ಎಂದು ಸ್ಮೃತಿಕಾರರು ಅವನ ಲಕ್ಷಣ ಹೇಳಿದ್ದಾರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಕೃಷ್ಣನು ಉದ್ಧವನಿಗೆ ಅವಂತಿಯ ಒಬ್ಬ ಕದರ್ಯನ ಕಥೆ ಹೇಳುತ್ತಾನೆ. ಅವನು ಬಲು ಸಿರಿವಂತ. ಆದರೆ ಮನೆಗೆ ಬಂದ ಅತಿಥಿಗೆ ಒಂದು ಒಳ್ಳೆಯ ಮಾತನ್ನು ಕೂಡ ಖರ್ಚು ಮಾಡಿದವನಲ್ಲ. ಮುಂದೆ ಅವನ ಹಣವನ್ನು ನೆಂಟರು ಕೊಂಡರು, ಕಳ್ಳರು ಕೊಂಡರು, ಅರಸರು ಕೊಂಡರು, ಕಾಲವೂ ಕೊಂಡಿತು. ಎಲ್ಲ ಹೋದ ಮೇಲೆ ಅವನಿಗೆ ವೈರಾಗ್ಯ ಹುಟ್ಟಿತು.

ಈ ಕದರ್ಯ ಶಬ್ದವನ್ನು ಬಿಡಿಸಿ ನೋಡಿರಿ. ಕು ಎಂಬುದು ಸ್ವರದ ಮುಂದೆ ಬಂದಾಗ ಕತ್ ಆಗುತ್ತದೆ. ಅದರ ಮುಂದೆ ಅರ್ಯ. ಆರ್ಯ ಅಲ್ಲ, ಹ್ರಸ್ವ ಅಕಾರದ ಅರ್ಯ. ಈ ಅರ್ಯ ಶಬ್ದಕ್ಕೆ ವೈಶ್ಯನೆಂದೂ ಸ್ವಾಮಿಯೆಂದೂ ಎರಡು ಅರ್ಥಗಳನ್ನು ಪಾಣಿನಿಯು ಹೇಳಿದ್ದಾನೆ. ಆದ್ದರಿಂದ ಕದರ್ಯ ಎಂದರೆ ಕೆಟ್ಟ ಸ್ವಾಮಿ.

ಬಂಧುಗಳೇ, ಸ್ವಾಮಿ ಎಂಬ ಹೆಸರು ಹೊತ್ತು ಈ ಪೀಠದಲ್ಲಿ ಕುಳಿತವರು ನಾವು. ಆದ್ದರಿಂದ ಮುಂದಿನ ಮಾತನ್ನು ನಾವು ನಮ್ಮ ಮೇಲೆಯೇ ಹೇಳಿಕೊಳ್ಳಬೇಕು.

2016ರಲ್ಲಿ ಶ್ರೀಮಠದ ಮಹಾದ್ವಾರದ ಕೆಲಸ ನಡೆದಿತ್ತು. ಭಕ್ತರು ಕೊಟ್ಟ ಹಣ ಬ್ಯಾಂಕಿನಲ್ಲಿತ್ತು. ಒಂದು ಗುರುವಾರ ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ಬಂದಳು. ಹುಡುಗ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ಪಾಸಾಗಿದ್ದ. ಕಾಲೇಜಿನ ಫೀ ಆರು ಸಾವಿರ ರೂಪಾಯಿ ಬೇಕಾಗಿತ್ತು. ಶನಿವಾರ ಕಡೆಯ ದಿನವೆಂದು ಆಕೆ ಹೇಳಿದಳು. ಹೇಳಿದ್ದು ನಮ್ಮ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಲೆಕ್ಕದವರು, "ಇದು ಕಟ್ಟಡದ ಹಣ, ಮುಟ್ಟಲಿಕ್ಕೆ ಬರೂದಿಲ್ಲರೀ" ಎಂದರು. ಕಟ್ಟಡದ ಹಣವನ್ನು ಕಟ್ಟಡಕ್ಕೇ ಬಳಸಬೇಕೆಂಬುದು ಸರಿ. ಆದರೆ ನಮ್ಮ ಮುಂದೆ ಬೇರೆ ಹಣವೇ ಇರಲಿಲ್ಲವೆ? ಪಾದಪೂಜೆಯ ಕಾಣಿಕೆ ಇತ್ತು. ಅದನ್ನೂ ಮಹಾದ್ವಾರದ ಶಿಲ್ಪಿಗೆಂದು ನಾವು ಮನಸ್ಸಿನಲ್ಲಿ ಎತ್ತಿಟ್ಟಿದ್ದೆವು. "ಸೋಮವಾರ ಬಾ ತಾಯಿ, ವಿಚಾರ ಮಾಡೋಣ" ಎಂದೆವು. ಆಕೆ "ಆಗಲಿರೀ ಅಪ್ಪಾರ" ಎಂದು ಪಾದಕ್ಕೆ ನಮಸ್ಕರಿಸಿ ಹೋದಳು. ಸೋಮವಾರ ಬರಲಿಲ್ಲ. ಶನಿವಾರ ಮುಗಿದ ಮೇಲೆ ಸೋಮವಾರ ಯಾಕೆ ಬಂದಾಳು? ತಿಂಗಳ ಮೇಲೆ ವಿಚಾರಿಸಿದಾಗ ಹುಡುಗ ಗೋವೆಗೆ ಗಾರೆ ಕೆಲಸಕ್ಕೆ ಹೋದನೆಂದು ತಿಳಿಯಿತು. ಹೇಳಿ ಕಳಿಸಿದೆವು. ಫೀ ಕಟ್ಟುತ್ತೇವೆ, ಬಾ ಎಂದೆವು. ದುಡಿಮೆಗೆ ಹತ್ತಿದ ಕೈ ಪುಸ್ತಕದ ಕಡೆಗೆ ತಿರುಗಲಿಲ್ಲ.

ಆ ಹೊತ್ತಿಗೆ ನಮ್ಮ ಉಗ್ರಾಣದ ಅಯ್ಯನವರು ಬಲು ವೃದ್ಧರಾಗಿದ್ದರು. ಕಣ್ಣು ಮಂದವಾಗಿತ್ತು. ಮಠದಲ್ಲಿಯೇ ಒಂದು ಕೋಣೆಯಲ್ಲಿ ಇರುತ್ತಿದ್ದರು. ನಾವು ಒಂದು ಸಂಜೆ ಅವರ ಹತ್ತಿರ ಕುಳಿತು ಈ ಸಂಗತಿಯನ್ನೆಲ್ಲ ಹೇಳಿಕೊಂಡೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಅಪ್ಪಾರ, ಆ ಗಡಿಗಿ ಈಗ ಎಲ್ಲಿ ಇಟ್ಟೀರಿ?" ಎಂದು ಕೇಳಿದರು. ಅದರಲ್ಲಿ ಕೊಂಕು ಇರಲಿಲ್ಲ. ಗಡಿಗೆ ಇದ್ದೇ ಇರುತ್ತದೆ ಎಂಬ ನಂಬಿಗೆಯಿಂದ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉಗ್ರಾಣವನ್ನು ಹೊಸದಾಗಿ ಕಟ್ಟಿಸುವಾಗ ಹಳೆಯ ಗಡಿಗೆಗಳನ್ನೆಲ್ಲ ನಾವೇ ಹೊರಗೆ ಹಾಕಿಸಿದ್ದೆವು.

ಅಂದು ನಮಗೆ ತಿಳಿದ ಮಾತು ಇಷ್ಟು. ಮಿತಂಪಚನೆಂದು ನಾವು ನಕ್ಕವರು ಮಿತಂಪಚರಾಗಿರಲಿಲ್ಲ. ಯಾರೂ ಕದರ್ಯನೆಂದು ಕರೆಯದ ನಮಗೆ ಆ ಶಬ್ದ ಅಕ್ಷರಶಃ ಒಪ್ಪುತ್ತಿತ್ತು. ಲೋಭಿ ಹರಕು ಪಂಚೆಯಲ್ಲಿಯೇ ಇರುತ್ತಾನೆ ಎಂದು ತಿಳಿಯಬೇಡಿರಿ. ಕಾವಿಯಲ್ಲಿಯೂ ಇರುತ್ತಾನೆ. ದೊಡ್ಡ ಕಾರ್ಯ, ಧರ್ಮಕಾರ್ಯ, ಶಾಶ್ವತ ನಿಧಿ ಎಂಬ ಒಳ್ಳೆಯ ಹೆಸರುಗಳ ಹಿಂದೆಯೂ ಅಡಗಿರುತ್ತಾನೆ. ಮುಂದಿನ ಸೋಮವಾರ ಕೊಡುತ್ತೇನೆ ಎನ್ನುವ ಸ್ವಾಮಿಗೂ ಎಂಜಲುಗೈಯಲ್ಲಿ ಕಾಗೆ ಓಡಿಸದವನಿಗೂ ಏನು ಅಂತರ?

ಕೊನೆಯದಾಗಿ 'ಕೃಪಣ' ಎಂಬ ಶಬ್ದ. ಹಿಂದಿನ ಸುಭಾಷಿತಕಾರರು ಈ ಕೃಪಣನನ್ನು ಕೃಪಾಣದ ಜೊತೆ, ಅಂದರೆ ಕತ್ತಿಯ ಜೊತೆ ಸೇರಿಸಿ ಚಮತ್ಕಾರ ಮಾಡಿದ್ದಾರೆ. ಇಬ್ಬರಿಗೂ ಮುಷ್ಟಿ ಬಿಗಿ, ಇಬ್ಬರ ವಾಸವೂ ಕೋಶದಲ್ಲಿಯೇ. ಇರುವ ವ್ಯತ್ಯಾಸ ಒಂದು ಆಕಾರದ್ದು ಮಾತ್ರ ಎನ್ನುತ್ತಾರೆ. ಇದು ನಗೆಯ ಮಾತಾಯಿತು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಗಾರ್ಗಿಗೆ ಹೇಳುವುದು ನಗೆಯ ಮಾತಲ್ಲ. ಅಕ್ಷರವಾದ ಪರವಸ್ತುವನ್ನು ಅರಿಯದೆ ಯಾರು ಈ ಲೋಕದಿಂದ ಹೋಗುತ್ತಾರೋ ಅವರನ್ನು ಋಷಿಗಳು ಕೃಪಣರೆಂದು ಕರೆಯುತ್ತಾರೆ. ಶಂಕರರು ತಮ್ಮ ಭಾಷ್ಯದಲ್ಲಿ ಇದನ್ನು ವಿವರಿಸುತ್ತ, ಹಣ ಕೊಟ್ಟು ಕೊಂಡ ಆಳಿನಂಥವನು ಎಂದಿದ್ದಾರೆ. ಎಷ್ಟು ಸರಿಯಾದ ಮಾತು! ಹಣವನ್ನು ತಾನು ಹಿಡಿದಿದ್ದೇನೆ ಎಂದು ಅವನು ತಿಳಿದಿದ್ದಾನೆ. ಹಣವೇ ಅವನನ್ನು ಕೊಂಡುಕೊಂಡಿದೆ.

ಇನ್ನೂ ಒಂದು ಸೂಕ್ಷ್ಮವಿದೆ. ಕೃಪೆ ಮತ್ತು ಕೃಪಣ ಒಂದೇ ಬಳ್ಳಿಯ ಕಾಯಿಗಳು. ಕೃಪಣ ಎಂಬುದರ ಮೊದಲ ಅರ್ಥ ದೀನ, ಮರುಕ ಪಡಬೇಕಾದವನು ಎಂದು. ಸಂಸ್ಕೃತದವರು ಜಿಪುಣನಿಗೆ ಬೈಗುಳವನ್ನು ಹುಡುಕುತ್ತ ಹೋಗಿ ಕಡೆಗೆ ಕೃಪೆಯ ಹತ್ತಿರ ಬಂದು ನಿಂತರು. ಆದ್ದರಿಂದ ನಿಜವಾದ ಲೋಭಿಯನ್ನು ಕಂಡರೂ ನಗಬೇಡಿರಿ. ಬಿಸಿಲಿನಲ್ಲಿ ತುಂಬಿದ ಕೊಡ ಹೊತ್ತು ಬಾಯಾರಿ ಬಿದ್ದವನನ್ನು ಕಂಡು ನಗುವುದುಂಟೆ? ಕೊಡ ಇಳಿಸಲು ಕೈ ಕೊಡಬೇಕು.

ಈ ಹೊತ್ತು ನೀವು ಮನೆಗೆ ಒಯ್ಯಬೇಕಾದುದು ಎರಡೇ ಮಾತು. ಯಾರನ್ನಾದರೂ ಜೀನ, ಜಿಪುಣ ಎನ್ನುವುದಕ್ಕೆ ಮೊದಲು ಅವರ ಅಳತೆ ಯಾರ ಮೇಲಿದೆ ಎಂದು ಕೇಳಿಕೊಳ್ಳಿರಿ. ತಮ್ಮ ಮೇಲಿದ್ದರೆ ಕೈಮುಗಿಯಿರಿ. ಗೊತ್ತಿಲ್ಲದಿದ್ದರೆ ಸುಮ್ಮನಿರಿ. ಹತ್ತು ರೂಪಾಯಿ ಇಟ್ಟ ಆ ತಾಯಿಯ ಗಂಟಿನಲ್ಲಿ ಮೊಮ್ಮಗಳ ಔಷಧದ ಹಣವಿದ್ದಿರಬಹುದು, ಸಂತೆಯ ಸಾಲವಿದ್ದಿರಬಹುದು. ಆಕೆಯ ಹತ್ತು ರೂಪಾಯಿಯ ತೂಕವನ್ನು ಶಿವನು ಬಲ್ಲ, ನಾವು ಬಲ್ಲವರಲ್ಲ.

ಎರಡನೆಯದು, ಮನೆಯಲ್ಲಿ ಒಂದು ಗಡಿಗೆ ಇಡಿರಿ. ದಿನಾಲೂ ಅಳೆದು ಅಡಿರಿ, ಅಳತೆಯ ಮೇಲಿನದನ್ನು ಅದರಲ್ಲಿ ಹಾಕಿರಿ. ಅದು ಕೂಡಿಡುವ ಗಡಿಗೆ ಆಗಬಾರದು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರ ಗಡಿಗೆ ಆಗಬೇಕು. ಶ್ರೀಮಠದಲ್ಲಿಯೂ ಅಂದಿನಿಂದ ಕಾಣಿಕೆಯ ಒಂದು ಪಾಲನ್ನು ಎಲ್ಲಕ್ಕಿಂತ ಮೊದಲು ಬೇರೆ ತೆಗೆದಿಡುತ್ತಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಅದರ ಹೆಸರು 'ಗಡಿಗೆ' ಎಂದೇ ಇದೆ. ಅದಕ್ಕೆ ಸಭೆಯೂ ಇಲ್ಲ, ಸೋಮವಾರವೂ ಇಲ್ಲ. ಶನಿವಾರ ಫೀ ಕಟ್ಟಬೇಕಾದ ಮಗು ಗುರುವಾರ ಬಂದರೆ ಗುರುವಾರವೇ ಕೊಡಬೇಕೆಂದು ಕಟ್ಟಳೆ ಮಾಡಿದ್ದೇವೆ. ಅಯ್ಯನವರು ಲಿಂಗೈಕ್ಯರಾಗುವ ಮೊದಲು ಅದನ್ನು ಅವರಿಗೆ ತಿಳಿಸಿದೆವು. "ಛಲೋ ಆತರೀ" ಎಂದಷ್ಟೇ ಹೇಳಿದರು. ಅವರಿಗೆ ನಾವು ಇಟ್ಟ ಹೆಸರಿನ ಪೂರ್ತಿ ಅರ್ಥವನ್ನು ಕಡೆಯವರೆಗೂ ಹೇಳಲು ನಮ್ಮಿಂದ ಆಗಲಿಲ್ಲ. ಈ ಹೊತ್ತು ನಿಮ್ಮೆಲ್ಲರ ಮುಂದೆ ಹೇಳಿ ಆ ಋಣವನ್ನು ಸ್ವಲ್ಪ ಇಳಿಸಿಕೊಂಡಿದ್ದೇವೆ.

ನಿಮ್ಮೆಲ್ಲರ ಮನೆಗಳಲ್ಲಿ ಅಳತೆಯೂ ಇರಲಿ, ಅಳತೆ ಮರೆಯುವ ಕೈಯೂ ಇರಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ. ಸರ್ವರಿಗೂ ಸನ್ಮಂಗಲವಾಗಲಿ.

ಶರಣು ಶರಣಾರ್ಥಿ.